ವ್ಯಾನು ತಿರುಗುವ ಜಾಗ

ನಾನು ಸರ್ಕಾರಿ ಶಾಲೆಯ ಮಾಸ್ತರ. ನನ್ನ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಇದನ್ನು ಮೊದಲೇ ಹೇಳಿಬಿಟ್ಟರೆ ನೀವು ನಗುವುದಿದ್ದರೆ ಈಗಲೇ ನಕ್ಕು ಮುಗಿಸಬಹುದು.

ನಮ್ಮ ಶಹಾಪುರದಲ್ಲಿ ಮನೆಗೆ ಬೆಲೆ ಕಟ್ಟುವ ರೀತಿಯೇ ಬೇರೆ. ಮಲಗಿದ ಬುದ್ಧನಂತೆ ಕಾಣುವ ನಮ್ಮ ಗುಡ್ಡದ ಮುಖ ಕಿಟಕಿಯಿಂದ ಕಂಡರೂ ಅಷ್ಟೇ, ಪಾದ ಕಂಡರೂ ಅಷ್ಟೇ. ದಲ್ಲಾಳಿ ಹೇಳುವುದು ಒಂದೇ ಮಾತು, ಬಾಗಿಲಿಗೆ ಶಾಲೆಯ ಹಳದಿ ವ್ಯಾನು ಬರುತ್ತದೋ ಇಲ್ಲವೋ. ನಮ್ಮ ಓಣಿಯ ಬಾಯಲ್ಲೊಂದು ಬೇವಿನ ಮರವಿದೆ. ವ್ಯಾನು ಅಲ್ಲಿಯವರೆಗೆ ಬಂದು ಹೊರಳಿ ಹೋಗುತ್ತಿತ್ತು. ಮರದ ಆಚೆಗೆ ಒಂದು ಬಾಡಿಗೆ, ಈಚೆಗೆ ಅದರ ಅರ್ಧ. ಎರಡೂ ಕಡೆ ಅದೇ ನೀರು, ಅದೇ ಕರೆಂಟು, ಅವೇ ಹಂದಿಗಳು.

ಹಿಂದೆಯೂ ಹೀಗೇ ಇತ್ತೆನ್ನಿ. ಸುರಪುರದಲ್ಲಿ ಅರಮನೆಯ ಹತ್ತಿರದ ಮನೆಗೆ ಕಿಮ್ಮತ್ತು, ನಿಜಾಮನ ಕಾಲಕ್ಕೆ ಕಚೇರಿಯ ಹತ್ತಿರದ್ದಕ್ಕೆ, ಯಾದಗಿರಿಗೆ ರೈಲು ಬಂದ ಮೇಲೆ ಸ್ಟೇಷನ್ನಿನ ಹತ್ತಿರದ್ದಕ್ಕೆ. ಯಾವ ಕಾಲಕ್ಕೆ ಜನ ಯಾರ ಬಾಗಿಲಿಗೆ ಕೈ ಮುಗಿಯುತ್ತಾರೋ, ಆ ಬಾಗಿಲಿನ ಸುತ್ತ ಬಾಡಿಗೆ ಏರುತ್ತದೆ. ನನ್ನ ಶಾಲೆಯೂ ಓಣಿಯ ತುದಿಯಲ್ಲೇ ಇದೆ. ಆದರೆ ಮನೆ ತೋರಿಸಲು ಬಂದ ದಲ್ಲಾಳಿ ಅದರ ಮುಂದೆ ಮಾತ್ರ ದಡದಡ ನಡೆದುಬಿಡುತ್ತಾನೆ.

ನಾವಿದ್ದದ್ದು ಮರದ ಈಚೆ, ಶರಣಮ್ಮನ ಮನೆಯಲ್ಲಿ. ಗಂಡ ತೀರಿದ ಮೇಲೆ ಅವಳ ಊಟ ನಡೆಯುತ್ತಿದ್ದದ್ದು ಬಾಡಿಗೆಯ ಮೇಲೆಯೇ. ಪಕ್ಕದ ಕೋಣೆಯವರು ವ್ಯಾನಿಗಾಗಿ ಮರದ ಆಚೆಯ ಕಾಲನಿ ಸೇರಿದ್ದರು, ಅದಕ್ಕೆ ಬೀಗ ಬಿದ್ದಿತ್ತು. ಈಗ ನನ್ನ ಹೆಂಡತಿಯೂ ಹಟ ಹಿಡಿದಳು. ಮಗಳು ದಿನಾ ಮರದ ಕೆಳಗೆ ನಿಂತು ಬಿಸಿಲಿಗೆ ಬಾಡುತ್ತಾಳೆ, ಕಾಲನಿಗೆ ಹೋಗೋಣ ಎಂದು.

ಶರಣಮ್ಮನಿಗೆ ಹೇಳಲು ಹೋದೆ. ಮನೆ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಆ ಕಟ್ಟೆ ಅವಳ ಅತ್ತೆ ಹಾಕಿಸಿದ್ದು. ಓಣಿಯ ಹೆಂಗಸರು ಹೊತ್ತು ಕಳೆಯುವುದು ಅಲ್ಲೇ, ಕೂಸುಗಳನ್ನು ಕರೆತಂದು ನನ್ನ ಶಾಲೆಗೆ ಹೆಸರು ಬರೆಸುತ್ತಿದ್ದದ್ದೂ ಅಲ್ಲೇ. ಆಕೆ ಇರಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ವ್ಯಾನು ಒಳಗೆ ಯಾಕೆ ಬರುವುದಿಲ್ಲ ಎಂದು ಮಾತ್ರ ಕೇಳಿದಳು. ಈ ಕಟ್ಟೆಯಿಂದಾಗಿ ಗಾಡಿ ಹೊರಳುವುದಿಲ್ಲವಂತೆ ಎಂದೆ. ಅವಳು ಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿದಳು.

ಆ ಐತವಾರವೇ ಕಟ್ಟೆಗೆ ಹಾರೆ ಬಿತ್ತು. ಬ್ಯಾಡ್ರಿ ಎನ್ನಲು ಓಡಿದೆ.

"ಕೂಡೋದೇನ್ರಿ ಸರ್, ಎಲ್ಲ್ಯಾರ ಕೂಡ್ತೀನಿ," ಅಂದಳು. "ಮನಿ ಖಾಲಿ ಬಿದ್ರ ಏನ್ ಉಣ್ಣಲಿ?"

ವ್ಯಾನು ಬಂತು. ನಾವು ಉಳಿದೆವು. ಬೀಗ ಹಾಕಿದ್ದ ಕೋಣೆಗೆ ಗೋಗಿಯಿಂದ ಒಂದು ಸಂಸಾರ ಬಂತು, ಅವರೂ ಮಗನ ಶಾಲೆಗಾಗಿಯೇ ಬಂದವರು. ಓಣಿಯ ಬಾಡಿಗೆಗಳು ಆಚೆ ಕಡೆಯವುಗಳ ಸಮಕ್ಕೆ ಬಂದವು. ನಮ್ಮದೂ ಏರಿತು. ಶರಣಮ್ಮ ಸಂಕೋಚದಿಂದಲೇ ಕೇಳಿದಳು, ನಾನು ಸಂಕೋಚದಿಂದಲೇ ಕೊಟ್ಟೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ತಿಳಿಯಿತು. ಮನೆ ಮುಂದೆಯೇ ಬಂದು ನಿಲ್ಲುವ ಗಾಡಿಗೆ ಮಕ್ಕಳನ್ನು ಹತ್ತಿಸದಿರಲು ಯಾವ ತಾಯಿಗೂ ಮನಸ್ಸಾಗಲಿಲ್ಲ. ಹೊಟ್ಟೆ ಕಟ್ಟಿ ಫೀಸು ಹೊಂದಿಸಿದರು. ನನ್ನ ಒಂದನೆಯ ತರಗತಿಯ ಚಾಪೆಗಳು ಸುತ್ತಿದಂತೆಯೇ ಉಳಿದವು. ನಿಮ್ಮ ಕೂಸನ್ನು ನನ್ನಲ್ಲಿಗೆ ಕಳಿಸಿ ಎಂದು ಯಾವ ಬಾಯಿಂದ ಕೇಳಲಿ? ಕಿಟಕಿಯ ಪಕ್ಕದ ಸೀಟಿನಲ್ಲಿ ನನ್ನ ಮಗಳೇ ಕೂತು ಕೈ ಬೀಸುತ್ತಾಳೆ. ನಾನೂ ಬೀಸುತ್ತೇನೆ. ಎಷ್ಟು ದುಃಖವಾಗುತ್ತದೆ ನೋಡಿ.

ಮೊನ್ನೆ ಸಂಜೆ ಶಾಲೆಗೆ ಬೀಗ ಹಾಕಿ ಹೊರಟರೆ, ಶರಣಮ್ಮ ಮೊರ ಹಿಡಿದು ಶಾಲೆಯ ಕಟ್ಟೆಯ ಮೇಲೆ ಕೂತಿದ್ದಳು. ಈಗ ದಿನಾ ಇಲ್ಲೇ ಕೂಡುತ್ತಾಳಂತೆ, ಗದ್ದಲವಿಲ್ಲವಂತೆ. ನಾನೂ ಕೂತೆ. ತೊಗರಿಯಲ್ಲಿನ ಕಲ್ಲು ಆರಿಸುತ್ತ ಅವಳು ಕೇಳಿದಳು:

"ಸಾಲಿ ಮುಚ್ಚಿದ್ರ ಇದನ್ನ ಬಾಡಿಗಿಗಿ ಕೊಡ್ತಾರೇನ್ರಿ ಸರ್?"

ಕೊಟ್ಟರೂ ಕೊಟ್ಟಾರು ಎಂದೆ. ಒಳ್ಳೆಯ ಬಾಡಿಗೆಯೇ ಬಂದೀತು. ಈಗ ವ್ಯಾನು ಬಾಗಿಲಿಗೇ ಬರುತ್ತದಲ್ಲ.