ಸೊಪ್ಪು ಮುಗಿಯುವ ಸದ್ದು

ಗಂಗಾಲಕ್ಷ್ಮಿ ಕೋಲಾರದ ಕಾಲೇಜೊಂದರಲ್ಲಿ ಅಟೆಂಡರ್ ಆಗಿ ಸೇರಿ ಐದು ವರ್ಷವಾಗಿತ್ತು. ಗೌನಿಪಲ್ಲಿ ಪಕ್ಕದ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಬೆಲ್ಲು ಹೊಡೆಯುವುದು, ಫೈಲು ಒಯ್ಯುವುದು, ಹನ್ನೊಂದಕ್ಕೆ ಸ್ಟಾಫ್ ರೂಮಿಗೆ ಟೀ ಕೊಡುವುದು ಅವಳ ಕೆಲಸ. ಟೀ ಕೊಟ್ಟು ಲೋಟ ವಾಪಸ್ಸು ತರುವವರೆಗೆ ಅಲ್ಲಿನ ಜಗಳ ಕೇಳುವುದೂ ಅವಳ ಪಾಲಿಗೇ ಬಂದಿತ್ತು.

ಜಗಳ ಇಂಗ್ಲಿಷ್ ಪಾಠ ಮಾಡುವ ಅರುಣ್‌ಕುಮಾರ್‌ಗೂ ಲೈಬ್ರರಿ ನೋಡಿಕೊಳ್ಳುವ ಆಶಾರಾಣಿಗೂ. ಹೊಲ ಮನೆ ಹಂಚಿಕೆಯ ಜಗಳವಾಗಿದ್ದರೆ ಎಂದೋ ತೀರುತ್ತಿತ್ತು. ಇದು ಇಬ್ಬರು ಗಿಟಾರಿನವರ ಜಗಳ. ಉಮಾಶಂಕರ್ ಮತ್ತು ಕದಿರೇಶ ಎಂಬ ಇಬ್ಬರು ಇದೇ ಊರಲ್ಲಿ ಒಂದೇ ಬ್ಯಾಂಡಿನಲ್ಲಿದ್ದು, ರಾಕ್ ಸಂಗೀತ ಹೀಗೇ ಇರಬೇಕೆಂಬ ಕಟ್ಟಳೆಯನ್ನೆಲ್ಲ ಮುರಿದು, ಕೊನೆಗೆ ತಮ್ಮ ಸ್ನೇಹವನ್ನೂ ಮುರಿದುಕೊಂಡವರು. ಅವರಲ್ಲಿ ಯಾರು ದೊಡ್ಡವನು ಎಂಬುದೇ ವ್ಯಾಜ್ಯ.

ಉಮಾಶಂಕರ್ ಟಮೋಟ ಮಾರ್ಕೆಟ್ಟಿನ ಗಲಾಟೆ, ಬಸ್ಸಿನ ಇಂಜಿನ್ನು, ಕೊಳವೆಬಾವಿ ಕೊರೆಯುವ ಲಾರಿ, ಎಲ್ಲವನ್ನೂ ರೆಕಾರ್ಡ್ ಮಾಡಿ ಗಿಟಾರಿನ ಜೊತೆ ಬೆರೆಸುತ್ತಿದ್ದ. ಅವನನ್ನು ಕೇಳಿ ಮಾಲೂರಿನಿಂದ ಮುಳಬಾಗಿಲವರೆಗೆ ಎಷ್ಟು ಹುಡುಗರು ಅದೇ ದಾರಿ ಹಿಡಿದಿದ್ದಾರೆ ಗೊತ್ತೇ ಎಂದು ಅರುಣ್‌ಕುಮಾರ್ ಮೇಜು ಕುಟ್ಟುತ್ತಿದ್ದರು. ಕದಿರೇಶನದು ಬೇರೆ ಹಟ. ಎಲ್ಲ ಸದ್ದನ್ನೂ ಬರೀ ತಂತಿಯಲ್ಲೇ ಹುಟ್ಟಿಸಬೇಕು. ಅವನ ದಾರಿಯಲ್ಲಿ ಒಂದು ನರಪಿಳ್ಳೆಯೂ ಹೋಗಲಿಲ್ಲ. ಹಿಂದೆ ಎಷ್ಟು ಜನ ಬಂದರು ಅಂತ ಎಣಿಸಿ ದೊಡ್ಡವರನ್ನು ಆರಿಸುವುದಾದರೆ ಕುರಿ ಕಾಯುವವನೇ ಎಲ್ಲರಿಗಿಂತ ದೊಡ್ಡವನು ಎಂದು ಆಶಾರಾಣಿ ತಿರುಗಿಸಿ ಕೊಡುತ್ತಿದ್ದಳು.

ಗಂಗಾಲಕ್ಷ್ಮಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದೂ ಇರಲಿಲ್ಲ. ಆದರೆ ಒಂದು ದಿನ ಲೋಟ ತೆಗೆಯುವಾಗ ಕಿವಿಗೆ ಬಿದ್ದ ಮಾತಿಗೆ ಕೈ ಅಲ್ಲೇ ನಿಂತಿತು. ಗಿಟಾರಿನವರಿಬ್ಬರೂ ಬೇರೆಯಾದದ್ದು ರೇಷ್ಮೆಹುಳದ ದೆಸೆಯಿಂದ ಎಂದು ಅರುಣ್‌ಕುಮಾರ್ ಹೇಳುತ್ತಿದ್ದರು. ಇಬ್ಬರೂ ಶ್ರೀನಿವಾಸಪುರದ ಕಡೆ ಯಾರದೋ ಹುಳದ ಮನೆಗೆ ಒಟ್ಟಿಗೆ ಹೋಗಿದ್ದರಂತೆ. ಹುಳ ಸೊಪ್ಪು ಮೇಯುವ ಸದ್ದನ್ನು ಉಮಾಶಂಕರ್ ರೆಕಾರ್ಡ್ ಮಾಡಿಕೊಂಡ. ಕದಿರೇಶ ಸುಮ್ಮನೆ ಕೂತು ಕೇಳಿ ಎದ್ದುಬಂದ. ಆಮೇಲೆ ಇಬ್ಬರೂ ಅದೇ ಸದ್ದಿನ ಮೇಲೆ ಬೇರೆಬೇರೆಯಾಗಿ ಒಂದೊಂದು ಸಂಗೀತ ಕಟ್ಟಿದರು. ಮುಂದಿನ ತಿಂಗಳು ಕಾಲೇಜಿನ ಸೆಮಿನಾರಿನಲ್ಲಿ ಎರಡನ್ನೂ ಕೇಳಿಸಿ ಒಂದು ತೀರ್ಮಾನಕ್ಕೆ ಬರುವುದಂತೆ.

ಆ ಒಂದು ತಿಂಗಳು ಗಂಗಾಲಕ್ಷ್ಮಿಗೆ ಹರಕೆ ಹೊತ್ತವಳಂತೆ ಕಳೆಯಿತು.

ಹದಿನೆಂಟು ವರ್ಷ ಹುಳ ಸಾಕಿದವಳು ಅವಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದ ಹುಳ ಮೇಯಲು ಕೂತರೆ ಮನೆಯೊಳಗೆ ಸಣ್ಣ ಮಳೆ ಹಿಡಿದ ಹಾಗೆ. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ, ಸದ್ದು ತೆಳುವಾದ ಕಡೆಯನ್ನು ಕಿವಿಯಲ್ಲೇ ಹಿಡಿದು, ಯಾವ ಮೂಲೆಯಲ್ಲಿ ಸೊಪ್ಪು ಸಾಲದು ಎಂದು ಹೇಳುತ್ತಿದ್ದಳು. ಆಮೇಲೆ ಸುತ್ತಲಿನ ಹೊಲಗಳಿಗೆಲ್ಲ ಟಮೋಟ ಬಂತು. ಅದಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಇವರ ಹಿಪ್ಪುನೇರಳೆ ಮೇಲೆ ಕೂತಿತು. ಆ ಸೊಪ್ಪು ತಿಂದ ಹುಳ ತಲೆ ಎತ್ತಿ, ಹಸಿರು ಕಕ್ಕಿ, ಒಂದೇ ಹಗಲಲ್ಲಿ ಸತ್ತವು. ಗಂಡ ಹಿಪ್ಪುನೇರಳೆ ಕಿತ್ತು ತಾನೂ ಟಮೋಟ ಹಾಕಿದ. ಅವಳು ಕೆಲಸಕ್ಕೆ ಸೇರಿದಳು.

ಹುಳ ಹೋದದ್ದಕ್ಕಿಂತ ಆ ಸದ್ದು ಹೋದದ್ದು ಅವಳನ್ನು ಸುಡುತ್ತಿತ್ತು. ಅದಕ್ಕಿಂತ ಹೆಚ್ಚಿನ ದಿಗಿಲು, ಈಚೆಗೆ ಅದು ನೆನಪಿಗೂ ಸಿಗುತ್ತಿರಲಿಲ್ಲ. ಶೀಟಿನ ಮೇಲೆ ಮಳೆ ಬಿದ್ದರೆ ಇದೇ ಇರಬೇಕು ಅನ್ನಿಸಿ, ಮರುಗಳಿಗೆಯೇ ಅಲ್ಲ ಅನ್ನಿಸುತ್ತಿತ್ತು. ಫೋನಿನಲ್ಲಿ ಹುಡುಕಿದರೆ ಯಾವನೋ ಹುಳದ ಮೇಲೆ ಹಿಂದಿಯಲ್ಲಿ ಭಾಷಣ ಬಿಗಿಯುತ್ತಿದ್ದನೇ ಹೊರತು ಹುಳಕ್ಕೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಅಕ್ಕ ವೆಂಕಟರತ್ನಮ್ಮನ ಮನೆಯಲ್ಲಿ ಇನ್ನೂ ಹುಳ ಸಾಕುತ್ತಿದ್ದರು. ಒಂದು ಗಳಿಗೆ ಕೂತು ಬರೋಣವೆಂದು ಹೋದರೆ ಅಕ್ಕ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು.

"ವದ್ದಮ್ಮಾ, ಒಳಗ್ ಬರ್ಬ್ಯಾಡ, ನೀನು ಟಮೋಟ ಮನೆಯೋಳು. ಬಟ್ಟೆಗೆ ಔಷಧಿ ಅಂಟ್ಕಂಡಿರ್ತದೆ. ಬೇಜಾರ್ ಮಾಡ್ಕಬ್ಯಾಡ ಕಣೇ."

ಅಕ್ಕನದು ತಪ್ಪಲ್ಲ. ತಾನಾದರೂ ಅದನ್ನೇ ಮಾಡುತ್ತಿದ್ದಳು. ಬಾಗಿಲು ಹಾಕಿದ್ದರಿಂದ ಒಳಗಿನದು ಏನೂ ಕೇಳಿಸಲಿಲ್ಲ.

ಸೆಮಿನಾರಿನ ದಿನ ತನಗೇ ಡ್ಯೂಟಿ ಬೇಕೆಂದು ಸೂಪರಿಂಟೆಂಡೆಂಟರನ್ನು ಕೇಳಿ ಹಾಕಿಸಿಕೊಂಡಳು. ಅವಳ ಮನಸ್ಸೆಲ್ಲ ಉಮಾಶಂಕರನ ಕಡೆಗೇ ಇತ್ತು. ಅವನಲ್ಲಿರುವುದು ನಿಜವಾದ ಹುಳ ತಾನೆ. ಗಿಟಾರಿನಲ್ಲಿ ಹುಳ ಮೇಯಿಸುತ್ತೇನೆ ಎಂದು ಹೊರಟ ಕದಿರೇಶನನ್ನು ನೆನೆದರೆ ನಗು ಬರುತ್ತಿತ್ತು. ನೀರಿನ ಬಾಟಲಿಗಳ ಟ್ರೇ ಪಕ್ಕದಲ್ಲಿಟ್ಟು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಳು.

ಅರುಣ್‌ಕುಮಾರ್ ಮೊದಲು ಉಮಾಶಂಕರನದನ್ನು ಹಾಕಿದರು. ಸ್ಪೀಕರಿನಿಂದ ಹುಳ ಮೇಯುವ ಸದ್ದು ಬಂದದ್ದೇ ಅವಳ ಕಣ್ಣು ತುಂಬಿತು. ನಿಜವಾದ ಹುಳ. ಜ್ವರ ಎದ್ದ ಮೂರನೇ ದಿನದವು ಎಂದೂ ಗೊತ್ತಾಯಿತು. ಸೆರಗು ಬಾಯಿಗೊತ್ತಿ ಕೇಳಿದಳು. ನಡುವೆ ಒಂದು ಸೊಪ್ಪಿನ ಕಡ್ಡಿ ಲಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಲಟಕ್. ನಾಲ್ಕನೇ ಸಲ ಅದೇ ಕಡ್ಡಿ ಅಷ್ಟೇ ಹೊತ್ತಿಗೆ ಲಟಕ್ಕೆಂದಾಗ ಅವಳ ಕಣ್ಣು ಒಣಗಿತು. ಒಂದು ಹಿಡಿ ಸದ್ದನ್ನು ತಿರುಗಿಸಿ ತಿರುಗಿಸಿ ಹಾಕಿದ್ದ. ಈ ಹುಳಗಳಿಗೆ ಹೊಟ್ಟೆ ತುಂಬುವುದಿಲ್ಲ, ಸೊಪ್ಪೂ ಮುಗಿಯುವುದಿಲ್ಲ. ಇಂಥ ಮನೆಯಲ್ಲಿ ತನಗೇನು ಕೆಲಸ ಅನ್ನಿಸಿತು. ಅಕ್ಕನ ಹೊಸ್ತಿಲಲ್ಲಿ ಆದದ್ದಕ್ಕಿಂತ ಹೆಚ್ಚು ನೋವಾಯಿತು. ಅರುಣ್‌ಕುಮಾರ್ ಇದರ ಪ್ರಭಾವದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವಳಿಗೆ ಒಂದೂ ತಲೆಗೆ ಹೋಗಲಿಲ್ಲ.

ಆಮೇಲೆ ಆಶಾರಾಣಿ ಎದ್ದು, ಇದು ಕದಿರೇಶನದು ಎಂದಷ್ಟೇ ಹೇಳಿ ಹಾಕಿದಳು.

ತಂತಿಯ ಸದ್ದೇ. ಅದರಲ್ಲಿ ಅನುಮಾನವಿರಲಿಲ್ಲ. ಒರಟಾಗಿ, ದಟ್ಟವಾಗಿ, ಸೆಮಿನಾರ್ ಹಾಲಿನ ತುಂಬ ಹರಡಿಕೊಂಡಿತು. ಗಂಗಾಲಕ್ಷ್ಮಿ ಟ್ರೇ ಎತ್ತಿಕೊಂಡು ಹೊರಡಬೇಕೆಂದಿದ್ದಳು. ಅಷ್ಟರಲ್ಲಿ ಎಡಗಡೆ ಸ್ಪೀಕರಿನಲ್ಲಿ ಸದ್ದು ಒಂದು ಚೂರು ತೆಳುವಾಯಿತು. ಆಮೇಲೆ ಇನ್ನೊಂದು ಚೂರು. ಅಂಚಿನಿಂದ ಒಳಕ್ಕೆ, ಒಂದೊಂದೇ ಕಡೆ ಬಿಟ್ಟುಬಿಟ್ಟು ಕೇಳತೊಡಗಿತು. ಕೊನೆಗೆ ಅಲ್ಲೊಂದು, ಇಲ್ಲೊಂದು. ಆಮೇಲೆ ಏನೂ ಇಲ್ಲ.

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಗಂಗಾಲಕ್ಷ್ಮಿ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು, ಎರಡು ಕೈಯೂ ಸೊಪ್ಪು ಬಾಚಿ ತರುವವಳಂತೆ ಮುಂದಕ್ಕೆ ಚಾಚಿದ್ದವು.

"ಏನಾಯ್ತು ಗಂಗಮ್ಮ?" ಎಂದರು ಅರುಣ್‌ಕುಮಾರ್.

"ಸೊಪ್ಪು ಮುಗೀತು ಸಾರ್," ಅಂದಳು. "ಹಾಕ್ಬೇಕು."

ಆಶಾರಾಣಿಗೆ ತಾನು ಗೆದ್ದೆ ಎಂದು ಹೇಳುವ ಆಸೆ ನಾಲಿಗೆ ತುದಿವರೆಗೆ ಬಂದಿರಬೇಕು, ಹೇಳಲಿಲ್ಲ. ಗಂಗಾಲಕ್ಷ್ಮಿಗೆ ತನ್ನ ಬರಿಗೈ ಆಗ ಕಂಡಿತು. ನಾಚಿಕೆಯಾಯಿತು. ಆದರೂ ಮರೆತಿಲ್ಲ, ಒಂದಿಷ್ಟೂ ಮರೆತಿಲ್ಲ ಎಂಬ ಸಮಾಧಾನ ಮೈಯೆಲ್ಲ ಹರಿಯಿತು. ಅದರ ಹಿಂದೆಯೇ ಮರೆತಿದ್ದರೇ ಚೆನ್ನಾಗಿತ್ತೇನೋ ಎಂಬ ಸಂಕಟವೂ ಬಂತು.

"ಇನ್ನೊಂದ್ ಸಲ ಹಾಕ್ತೀರಾ ಮೇಡಂ? ಈ ಸಲ ಕೂತೇ ಇರ್ತೀನಿ."

ಆಶಾರಾಣಿ ಮತ್ತೆ ಹಾಕಿದಳು. ಗಂಗಾಲಕ್ಷ್ಮಿ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಳು. ಎಡಗಡೆ ಸದ್ದು ತೆಳುವಾಗುತ್ತಲೇ ಎದ್ದು ನಿಂತಳು.