ಇದ್ದಿಲು ಮೆತ್ತಿದ ಕಣ್ಣು

ಐವತ್ತೆರಡನೆಯ ವಯಸ್ಸಿನಲ್ಲಿ, ಯಾವ ವಯಸ್ಸಿನವರೂ ಸೇರಬಹುದಾದ ಕಮ್ಯುನಿಟಿ ಕಾಲೇಜಿಗೆ ಸೇರಿ ಚಿತ್ರ ಬರೆಯಲು ಕಲಿಯುತ್ತೇನೆ ಎಂದಾಗ ನಮ್ಮ ಯಜಮಾನರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಅಲ್ಲಿ ಪಾರ್ಕಿಂಗು ಸಿಗತ್ತಾ, ನೋಡ್ಕೊ" ಎಂದರು. ಅದೇ ಅವರ ಆಶೀರ್ವಾದ. ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಮನೆಯಿಂದ ವಾರಕ್ಕೆರಡು ದಿನ ಬೆಳಗಿನ ಡ್ರಾಯಿಂಗ್ ಕ್ಲಾಸಿಗೆ ಹೊರಟೆ.

ಪಾಠ ಹೇಳುತ್ತಿದ್ದ ಅಮೆರಿಕನ್ ಮೇಡಂ ತಮಗೆ ಹಿಡಿಸಿದ ಚಿತ್ರಗಳನ್ನು ಮಾತ್ರ ಕ್ಲಾಸಿನ ಒಂದು ಗೋಡೆಗೆ ಅಂಟಿಸುತ್ತಿದ್ದರು. ಸೆಮಿಸ್ಟರು ಮುಗಿಯುತ್ತ ಬಂದರೂ ನನ್ನದೊಂದೂ ಗೋಡೆ ಹತ್ತಿರಲಿಲ್ಲ. ಮಗಳ ವಯಸ್ಸಿನವರ ಚಿತ್ರಗಳೆಲ್ಲ ಹತ್ತಿದ್ದವು. ನನಗೆ ಹೊಟ್ಟೆಯುರಿಯುತ್ತಿತ್ತು, ಮುಚ್ಚಿಡುವುದೇಕೆ? ಕೊನೆಯ ಪಾಠ, ಕನ್ನಡಿ ನೋಡಿಕೊಂಡು ಇದ್ದಿಲಿನಲ್ಲಿ ನಮ್ಮ ಮುಖವನ್ನೇ ಬರೆಯುವುದು. ಅದರಲ್ಲಾದರೂ ಗೋಡೆ ಹತ್ತಲೇಬೇಕೆಂದು ಹಟ ಹಿಡಿದೆ.

ಮೊದಲ ಚಿತ್ರ ನೋಡಿ ಮೇಡಂ, "ಚೆನ್ನಾಗಿದೆ, ನಿಮ್ಮ ತಂಗಿಯೇ?" ಎಂದರು. ಎರಡನೆಯದನ್ನು ನೋಡಿ, ತಂಗಿಗೆ ಮದುವೆಯಾಗಿದೆಯೇ ಎಂದು ಕೇಳಿದರು. ತಪ್ಪು ನನ್ನದೇ. ಗದ್ದದ ಕೆಳಗಿನ ಇನ್ನೊಂದು ಗದ್ದವನ್ನು ಬಿಟ್ಟಿದ್ದೆ, ಕೂದಲಿಗೆ ಧಾರಾಳವಾಗಿ ಇದ್ದಿಲು ಬಳಿದಿದ್ದೆ. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿಕೊಂಡಾಗಿನ ಬುದ್ಧಿ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಮೂರನೆಯ ಸಲ ಮೇಡಂ ಆಳೆತ್ತರದ ಹಾಳೆ ಕೊಟ್ಟು, ನೆಲದ ಮೇಲೆ ಹಾಸಿಕೊಂಡು ಬರೆಯಿರಿ ಎಂದರು. ಅವರು ಹೇಳಿಕೊಟ್ಟಿದ್ದಂತೆ, ಬೂದು ಹಿನ್ನೆಲೆ ಬರಲೆಂದು ಮೊದಲು ಹಾಳೆಗೆಲ್ಲ ಇದ್ದಿಲು ಬಳಿದೆ. ಕನ್ನಡಿ ಸರಿಸಲು ಎದ್ದಾಗ ನನ್ನ ಶೂ ಹಾಳೆಯ ಅಂಚನ್ನು ತುಳಿಯಿತು. ಅಯ್ಯೋ ಎಂದು ಬಗ್ಗಿ, ಎರಡೂ ಕೈಯಿಂದ ಹಾಳೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪುಸ್ತಕವಿರಲಿ, ಕಾಗದವಿರಲಿ, ಕಾಲು ತಗುಲಿದರೆ ಚಿಕ್ಕಂದಿನಿಂದ ಮಾಡುತ್ತ ಬಂದದ್ದು ಅದನ್ನೇ. ಮಾಡಿದೆನೆಂಬುದೂ ನನಗೆ ತಿಳಿಯುವುದಿಲ್ಲ. ಪಕ್ಕದ ಹುಡುಗಿ ಕಿಸಕ್ಕನೆ ನಕ್ಕಳು. ಕನ್ನಡಿ ನೋಡಿದರೆ ಎರಡು ಕಣ್ಣಿನ ಸುತ್ತಲೂ ಕಪ್ಪು! ಒರೆಸಿಕೊಳ್ಳಲು ಸೆರಗು ಹುಡುಕಿದ ಕೈಗೆ ಟೀ ಶರ್ಟು ಸಿಕ್ಕಿತು.

"ಒರೆಸಬೇಡಿ, ಕಂಡದ್ದನ್ನು ಬರೆಯಿರಿ" ಎಂದರು ಮೇಡಂ.

ಅಂದ ಹೇಗೂ ಕೆಟ್ಟಿತ್ತು, ಇನ್ನು ಕಾಪಾಡಿಕೊಳ್ಳುವುದೇನು? ಕಣ್ಣು ಬರೆದೆ, ಕಣ್ಣಿನ ಕೆಳಗೆ ಜೋತ ಚರ್ಮ ಬರೆದೆ, ಎರಡನೆಯ ಗದ್ದವನ್ನೂ ಬಿಡಲಿಲ್ಲ. ಮುಗಿಸಿದಾಗ ಮೇಡಂ ಹಾಳೆಯ ಒಂದು ತುದಿ ಹಿಡಿದುಕೊಂಡರು, ಇನ್ನೊಂದನ್ನು ನಾನು ಹಿಡಿದೆ. ಇಬ್ಬರೂ ಸೇರಿ ಅದನ್ನು ಗೋಡೆಗೆ ಅಂಟಿಸಿದೆವು.

ಕೊನೆಯ ದಿನ ಮನೆಯವರೂ ಬಂದು ಚಿತ್ರಗಳನ್ನು ನೋಡಬಹುದಿತ್ತು. ನಮ್ಮ ಯಜಮಾನರು ಗೋಡೆಯುದ್ದಕ್ಕೂ ನಡೆದು, ಯಾವಳೋ ಇಪ್ಪತ್ತರ ಹುಡುಗಿಯ ಚಿತ್ರದೆದುರು ನಿಂತು, "ಪರವಾಗಿಲ್ವೇ, ಚೆನ್ನಾಗೇ ಬಂದಿದೀಯ" ಎಂದರು. ಖುಷಿಪಡಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹೈಸ್ಕೂಲಿನ ಮಗಳು ಆಚೆ ತುದಿಯಿಂದ ಕೂಗಿದಳು: "ಅಪ್ಪಾ, ನೋ! ಅಮ್ಮ ಈಸ್ ಓವರ್ ಹಿಯರ್."

ಅವರು ಬಂದು ನಿಂತರು. ಕಣ್ಣೇಕೆ ಕಪ್ಪಗಿದೆ ಎಂದು ಕೇಳಿದರು. ನಡೆದದ್ದು ಹೇಳಿದೆ, ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಇನ್ನೊಮ್ಮೆ ನೋಡಿದರು.

"ಕಪ್ಪು ಬಿಡು. ಏನೇ ಇದು, ಇಷ್ಟೊಂದು ಸುಸ್ತಾಗಿದೀಯಲ್ಲ. ಯಾವಾಗಿಂದ?"

"ನಂಗೂ ಮೊನ್ನೇನೇ ಗೊತ್ತಾಗಿದ್ದು ರೀ" ಎಂದೆ.