ಮಾತಿನ ಮೇಲಿನ ಗೆರೆ

ಗಂಟಲಿನ ಗಡ್ಡೆ ತೆಗೆಸಿಕೊಂಡು ಬಂದ ಮೇಲೆ ಅಪೊಲೋನಿಯಾಳ ದನಿ ಮರಳಲಿಲ್ಲ. ಉಳಿದದ್ದು ಬರೀ ಪಿಸುಮಾತು. ಬೇರೆ ಕಡೆಯಾಗಿದ್ದರೆ ಅಷ್ಟರಲ್ಲೇ ಬದುಕು ಸಾಗುತ್ತಿತ್ತೇನೋ. ಆದರೆ ಅವಳ ಬೆಟ್ಟಸೀಮೆಯ ಮಸಾತೆಕ್ ಜನರ ಮಾತಿನಲ್ಲಿ ಒಂದೇ ಅಕ್ಷರವನ್ನು ಏರಿಸಿ ನುಡಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ಪಿಸುಮಾತಿಗೆ ಏರೂ ಇಲ್ಲ, ಇಳಿವೂ ಇಲ್ಲ. ಸಂತೆಯಲ್ಲಿ ಹೆಂಗಸರು ಅವಳ ತುಟಿಯನ್ನೇ ನೋಡಿ, ಊಹಿಸಿ, ಸೋತು, ಕೊನೆಗೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಬರಬರುತ್ತ ಅವಳು ಸಂತೆಗೆ ಹೋಗುವುದನ್ನೇ ಬಿಟ್ಟಳು.

ಗಂಡ ತೀರಿಕೊಂಡಿದ್ದ. ಅವಳಿಗಿದ್ದವನು ತಮ್ಮ ಇರಿನೇಯೊ ಒಬ್ಬನೇ, ಅವನೂ ಕಣಿವೆಯಾಚೆಯ ಕಾಫಿ ಇಳಿಜಾರಿನಲ್ಲಿ. ಇಳಿದು ಹತ್ತುವುದರಲ್ಲಿ ಅರ್ಧ ದಿನ ಹೋಗುತ್ತದೆ. ದಿನಾ ಸಂಜೆ ಅವನು ಶಿಳ್ಳೆಯಲ್ಲಿ ಮಾತಾಡಿಸುತ್ತಿದ್ದ. ದನಿ ಇದ್ದಾಗ ಅವಳು ಕೂಗಿ ಉತ್ತರಿಸುತ್ತಿದ್ದಳು. ಶಿಳ್ಳೆಯ ಮಾತು ಅಲ್ಲಿ ಗಂಡಸರದು. ಹೆಂಗಸರಿಗೆ ಅದು ಪೂರ್ತಿ ತಿಳಿಯುತ್ತದೆ, ಹಾಕುವ ಪದ್ಧತಿ ಮಾತ್ರ ಇಲ್ಲ. ಈಗ ಉತ್ತರವೇ ಬಾರದ ಕಡೆಗೆ ಅವನಾದರೂ ಎಷ್ಟು ದಿನ ಶಿಳ್ಳೆ ಹಾಕಿಯಾನು? ಮೊದಲು ದಿನಾ, ಆಮೇಲೆ ನೆನಪಾದಾಗ. ಅದೂ ನಿಂತುಹೋದರೆ ತಾನು ಇದ್ದೇನೆಂದು ಯಾರಿಗೆ ಗೊತ್ತು ಎಂಬ ಭಯ ಅವಳನ್ನು ಹಿಡಿಯಿತು.

ಆ ವರ್ಷ ಶಹರದ ಕಾಲೇಜಿನಿಂದ ರೆನಾತಾ ಎಂಬ ಹುಡುಗಿ ಅವರ ನುಡಿಯನ್ನು ಅಭ್ಯಾಸ ಮಾಡಲು ಬಂದು ಅವಳ ಮನೆಯಲ್ಲೇ ಉಳಿದಳು. ಒಂದು ಮಧ್ಯಾಹ್ನ ಒಲೆಯ ಮುಂದಿನ ಬೂದಿಯಲ್ಲಿ ಎರಡು ಗೆರೆ ಎಳೆದಳು.

"ನೋಡಿ ಅಮ್ಮಾ, ಅ, ಇ ಥರದ ಒಂದು ಸ್ವರ ಅಂದ್ರೆ ಒಂದೇ ಉಂಡೆ ಅಲ್ಲ. ಒಳಗೆ ಪದರ ಇರ್ತವೆ. ಕೆಳಗಿನ ಗೆರೇಲಿ ತುಟಿ, ನಾಲಿಗೆ ಕೆಲಸ. ಮೇಲಿನದ್ರಲ್ಲಿ ಏರಿಳಿತ. ನಡುವೆ ನೂಲು ಕಟ್ಟಿದ ಹಾಗೆ. ಬೇಗ ಮಾತಾಡುವಾಗ ಸ್ವರ ಬಿದ್ದುಹೋದ್ರೂ ಎಷ್ಟೋ ಸಲ ಅದರ ಏರು ಬೀಳಲ್ಲ, ಪಕ್ಕದ ಸ್ವರಕ್ಕೆ ಹೋಗಿ ಅಂಟಿಕೊಳ್ಳುತ್ತೆ. ಅದಕ್ಕೇ ಎರಡೂ ಬೇರೆ ಬೇರೆ ಅಂತ ನುಡಿ ಓದೋ ನಮ್ಮೋರು ವಾದಿಸ್ತಾರೆ."

ಅಪೊಲೋನಿಯಾ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ತನ್ನ ತುಟಿ ತೋರಿಸಿದಳು. ಆಮೇಲೆ ಮೇಲಿನ ಗೆರೆ ಮುಟ್ಟಿ ಕಣಿವೆಯ ಕಡೆ ನೋಡಿದಳು.

"ಹೂಂ, ನಿಮ್ಮ ತಮ್ಮ ಶಿಳ್ಳೇಲಿ ಕಳಿಸೋದು ಮುಖ್ಯವಾಗಿ ಅದನ್ನೇ. ಅದಕ್ಕೆ ಕೊರಳು ಬೇಡ, ಉಸಿರು ಸಾಕು."

ಜೋಳದ ಚೀಲ ಇಳಿಸಲು ಬಂದ ಇರಿನೇಯೊಗೆ ರೆನಾತಾ ಇದನ್ನೇ ಹೇಳಿ, ಅಕ್ಕನೂ ಶಿಳ್ಳೆಯಲ್ಲೇ ಮಾತಾಡಬಹುದು ಎಂದಾಗ ಅವನು ಬಿದ್ದು ಬಿದ್ದು ನಕ್ಕ. "ನಮ್ಮಕ್ಕ ಶಿಳ್ಳೆ ಹಾಕ್ತಾಳಾ? ನಾಳೆ ನನ್ನ ಪ್ಯಾಂಟೂ ಕೇಳ್ತಾಳೆ ಬಿಡು! ಏನಕ್ಕಾ, ಹೆಂಡ್ತೀನೂ ಹುಡುಕ್ಲಾ ನಿಂಗೆ?"

ಅಪೊಲೋನಿಯಾಳೂ ನಕ್ಕಳು. ನಗುವಿಗೂ ದನಿ ಇರಲಿಲ್ಲ.

ರೆನಾತಾ ಶಹರಕ್ಕೆ ಮರಳಿದಳು. ತಮ್ಮನ ಶಿಳ್ಳೆ ಕೇಳದೆ ಎಷ್ಟೋ ಸಂಜೆಗಳು ಕಳೆದವು. ಒಂದು ದಿನ ಹಿಟ್ಟಿನ ಕೈ ಒರೆಸಿಕೊಂಡು ಅಪೊಲೋನಿಯಾ ಬೇಲಿಯ ತನಕ ಹೋದಳು. ತುಟಿ ಚೂಪು ಮಾಡಿ ಊದಿದಳು. ಬರೀ ಗಾಳಿ. ಮತ್ತೆ ಊದಿದಳು. ತಮ್ಮನ ಹೆಸರಿನ ಏರಿಳಿತ ನೆಟ್ಟಗೆ ಕಣಿವೆ ದಾಟಿತು.

ಆಚೆಯಿಂದ ಶಿಳ್ಳೆ ಕೇಳಿತು: "ಯಾರಪ್ಪಾ ಅದು? ನಮ್ಮಕ್ಕ ಎಲ್ಲಿ?"

ಯಾವನೋ ಗಂಡಸು ಅಂದುಕೊಂಡಿದ್ದಾನೆ. "ನಾನೇ ಕಣೋ," ಎಂದು ಊದಿದಳು. "ಮನೇಲೇ ಇದ್ದೀನಿ."

ಮಂಜು ಏರಿ ಅವನ ಮನೆಯ ಚಾವಣಿಯನ್ನು ಮುಚ್ಚಿತು. ನಗುತ್ತಿದ್ದಾನೋ, ನಾಚಿದನೋ, ಒಳಗೇ ಹೋಗಿಬಿಟ್ಟನೋ, ಕಾಣುತ್ತಿರಲಿಲ್ಲ. ಅವಳು ಬೇಲಿಯ ಗೂಟ ಹಿಡಿದು ನಿಂತೇ ಇದ್ದಳು.

ಕೊನೆಗೆ ಶಿಳ್ಳೆ ಬಂತು, ಎಂದಿಗಿಂತ ಮೆಲ್ಲಗೆ: "ಊಟ ಆಯ್ತಾ ಅಕ್ಕಾ?"

ತುಟಿ ಒಣಗಿತ್ತು. ನಾಲಿಗೆಯಿಂದ ನೆನೆಸಿಕೊಂಡು, ಇನ್ನೂ ಇಲ್ಲ ಎಂದಳು.